ಥೈರಾಯ್ಡ್ ತೆಗೆಸಿದ ಮೇಲೆ ಮಾತ್ರೆ ಬಿಡಬೇಡಿ



ನಮ್ಮ ಮಡಕಶಿರದ ಕಡೆ ಮಳೆ ನಿಂತ ಮರುದಿನವೇ ಕೆರೆ ಬತ್ತುವುದಿಲ್ಲ. ಉಳಿದ ನೀರು ಕೆಲವು ದಿನ ಪೈರನ್ನು ಕಾಯುತ್ತದೆ. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರ ದೇಹವೂ ಹೀಗೆಯೇ. ಥೈರಾಕ್ಸಿನ್ ಮಾತ್ರೆ ನಿಲ್ಲಿಸಿದರೆ ರಕ್ತದಲ್ಲಿರುವ ಹಾರ್ಮೋನು ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು. ಆದ್ದರಿಂದ "ಮಾತ್ರೆ ಬಿಟ್ಟರೂ ಚೆನ್ನಾಗಿದ್ದೇನಲ್ಲ" ಎಂದು ಮೋಸಹೋಗುತ್ತೇವೆ. ವಾರಗಳು ಕಳೆದಂತೆ ಸುಸ್ತು, ಚಳಿ, ಮಲಬದ್ಧತೆ, ಮುಖದ ಊತ, ಮರೆವು ಕಾಣಿಸಿಕೊಳ್ಳುತ್ತವೆ. ಹಾಗೆಯೇ ಬಿಟ್ಟರೆ ಪ್ರಾಣಕ್ಕೇ ಅಪಾಯ. ಅಯೋಡಿನ್ ಉಪ್ಪು ಇದಕ್ಕೆ ಬದಲಲ್ಲ. ಅಯೋಡಿನ್ನಿನಿಂದ ಹಾರ್ಮೋನು ತಯಾರಿಸುವ ಗ್ರಂಥಿಯೇ ಈಗಿಲ್ಲ.

ಮಾತ್ರೆಯ ಪ್ರಮಾಣ ಬದಲಾಯಿಸಿದಾಗಲೂ ದೇಹ ನಿಧಾನವಾಗಿಯೇ ಹೊಂದಿಕೊಳ್ಳುತ್ತದೆ. ಅದಕ್ಕೇ ಟಿ.ಎಸ್.ಎಚ್. ರಕ್ತಪರೀಕ್ಷೆಯನ್ನು 6ರಿಂದ 8 ವಾರ ಬಿಟ್ಟು ಮಾಡಿಸಬೇಕು. ಸಮಸ್ಥಿತಿಗೆ ಬಂದ ಮೇಲೆ 6ರಿಂದ 12 ತಿಂಗಳಿಗೊಮ್ಮೆ ಸಾಕು. ಕ್ಯಾನ್ಸರಿಗಾಗಿ ಗ್ರಂಥಿ ತೆಗೆದಿದ್ದರೆ ಟಿ.ಎಸ್.ಎಚ್. ಎಷ್ಟಿರಬೇಕೆಂದು ವೈದ್ಯರೇ ತೀರ್ಮಾನಿಸುತ್ತಾರೆ; ಪಕ್ಕದ ಮನೆಯವರ ಲೆಕ್ಕ ನಿಮಗಲ್ಲ.

ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ನುಂಗಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ತಡೆಯಲಿ. ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆಯ ಅಂತರವಿರಲಿ. ಗರ್ಭಿಣಿಯಾದರೆ ಕೂಡಲೇ ವೈದ್ಯರಿಗೆ ತಿಳಿಸಿ. ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ತುಟಿ, ಬೆರಳುಗಳು ಜುಮುಗುಟ್ಟಿದರೆ ಕ್ಯಾಲ್ಸಿಯಂ ಕಡಿಮೆಯಾಗಿರಬಹುದು. ತಡಮಾಡದೆ ವೈದ್ಯರಲ್ಲಿಗೆ ಹೋಗಿ.

1914ರ ಕ್ರಿಸ್ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಗ್ರಂಥಿಯಿಂದ ಮೊದಲು ಬೇರ್ಪಡಿಸಿದ ಥೈರಾಕ್ಸಿನ್ ಇಂದು ಪುಟ್ಟ ಮಾತ್ರೆಯಾಗಿ ನಮ್ಮ ಕೈಗೆ ಸಿಗುತ್ತದೆ. ದುಡಿಮೆಗೆಂದು ಊರು ಬಿಟ್ಟು ಹೊರಟಾಗಲೂ ಅದು ನಿಮ್ಮ ಗಂಟಿನಲ್ಲಿರಲಿ. ಮುಗಿಯುವ ಮೊದಲೇ ಮತ್ತೆ ಕೊಂಡಿಡಿ.