ಕೋಡ್ ಕೇಳಿದವರು ಕಟ್ಟಿದ ರೌಟರ್

2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಕಂಪನಿ ನೀಲಿ–ಕಪ್ಪು ಬಣ್ಣದ, ಎರಡು ಆಂಟೆನಾಗಳ ಒಂದು ವೈಫೈ ರೌಟರ್ ಅನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಡಬ್ಲ್ಯುಆರ್‌ಟಿ54ಜಿ. ಮರುವರ್ಷದ ಮಾರ್ಚ್‌ನಲ್ಲಿ ಸಿಸ್ಕೊ, ಸುಮಾರು 50 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಲಿಂಕ್‌ಸಿಸ್ ಅನ್ನೇ ಕೊಳ್ಳುವುದಾಗಿ ಘೋಷಿಸಿತು. ಅದಾದ ಕೆಲವೇ ತಿಂಗಳಲ್ಲಿ, ರೌಟರಿನ ಫರ್ಮ್‌ವೇರ್ ಬಿಚ್ಚಿ ನೋಡಿದ ಪ್ರೋಗ್ರಾಮರ್‌ಗಳಿಗೆ ಒಳಗಡೆ ಲಿನಕ್ಸ್ ಕಂಡಿತು. ಲಿನಕ್ಸ್ ಬಳಸುವುದು ತಪ್ಪೇನಲ್ಲ, ಯಾರು ಬೇಕಾದರೂ ಬಳಸಬಹುದು. ಆದರೆ ಅದರ ಜೊತೆಗೇ ಬರುವ ಷರತ್ತನ್ನು ಇಲ್ಲಿ ಯಾರೂ ಪಾಲಿಸಿರಲಿಲ್ಲ.

ಷರತ್ತು ಏನು?

ಲಿನಕ್ಸ್ ಇರುವುದು ಜಿಪಿಎಲ್ ಎಂಬ ಲೈಸೆನ್ಸಿನ ಅಡಿಯಲ್ಲಿ. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಇದರ ಮೊದಲ ಆವೃತ್ತಿಯನ್ನು 1989ರಲ್ಲಿ ಹೊರತಂದರು, ಎರಡನೆಯದು 1991ರಲ್ಲಿ ಬಂತು. ಲಿನಸ್ ಟೊರ್ವಾಲ್ಡ್ಸ್ ತಮ್ಮ ಲಿನಕ್ಸನ್ನು ಈ ಲೈಸೆನ್ಸಿಗೆ ತಂದದ್ದು 1992ರಲ್ಲಿ. ತಂತ್ರಾಂಶವನ್ನು ಬಳಸಿ, ಬದಲಿಸಿ, ಹಂಚಿ, ಬೇಕಿದ್ದರೆ ಮಾರಿ ಎನ್ನುತ್ತದೆ ಜಿಪಿಎಲ್. ಬದಲಿಸಿದ್ದನ್ನು ನಿಮ್ಮಲ್ಲೇ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಇನ್ನೊಬ್ಬರ ಕೈಗೆ ಕೊಟ್ಟಿರೋ, ಅದರ ಸೋರ್ಸ್ ಕೋಡ್ ಪಡೆಯುವ ಹಕ್ಕೂ ಅವರಿಗೆ ಸೇರುತ್ತದೆ. ಎಂಐಟಿ, ಬಿಎಸ್‌ಡಿಯಂಥ ಲೈಸೆನ್ಸುಗಳಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿ ಕೋಡ್ ಪಡೆದವರು ತಮ್ಮ ತಿದ್ದುಪಡಿಗಳನ್ನು ಮುಚ್ಚಿಟ್ಟೂ ಮಾರಬಹುದು.

ಲಿಂಕ್‌ಸಿಸ್ ಪ್ರಕರಣ ಕಗ್ಗಂಟಾದದ್ದಕ್ಕೆ ಕಾರಣ ಇಂದಿನ ಉದ್ಯಮದ ರೀತಿಯೇ. ಚಿಪ್ ತಯಾರಿಸುವವರು ಒಬ್ಬರು, ಪೆಟ್ಟಿಗೆ ಜೋಡಿಸುವವರು ಇನ್ನೊಬ್ಬರು, ಹೆಸರು ಅಂಟಿಸಿ ಮಾರುವವರು ಮತ್ತೊಬ್ಬರು. ಕೋಡ್ ಕೈಯಿಂದ ಕೈಗೆ ಸಾಗಿತು, ಷರತ್ತು ಮಾತ್ರ ನಡುದಾರಿಯಲ್ಲೇ ಉಳಿಯಿತು. ಆದರೆ ಕೊನೆಯಲ್ಲಿ ಮಾರುವವರ ಮೇಲೂ ಹೊಣೆ ಇದ್ದೇ ಇದೆ. ಒತ್ತಾಯ ಹೆಚ್ಚಿದಾಗ, 2003ರಲ್ಲೇ ರೌಟರಿನ ಸೋರ್ಸ್ ಕೋಡ್ ಹೊರಬಂತು.

ಕೋಡ್ ಸಿಕ್ಕ ಮೇಲೆ

ಆ ಕೋಡಿನ ಮೇಲೆ 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. ತಯಾರಕರು ಕೊಟ್ಟಷ್ಟೇ ಸೌಲಭ್ಯಕ್ಕೆ ತೃಪ್ತಿಪಡಬೇಕಿದ್ದ ಪೆಟ್ಟಿಗೆಗೆ ಬೇಕಾದ ಪ್ಯಾಕೇಜುಗಳನ್ನು ಸೇರಿಸಿಕೊಳ್ಳುವ ಸ್ವಾತಂತ್ರ್ಯ ಬಳಕೆದಾರರದಾಯಿತು. ಕಂಪನಿ ಮುಂದೆ ಇದೇ ರೌಟರಿನ ಮೆಮೊರಿ ಕಡಿತಗೊಳಿಸಿ, ಲಿನಕ್ಸ್ ಬಿಟ್ಟು ಬೇರೆ ಆಪರೇಟಿಂಗ್ ಸಿಸ್ಟಮ್‌ಗೆ ಹೋಯಿತು. ಆದರೂ ಲಿನಕ್ಸ್ ಬೇಕೆನ್ನುವವರಿಗಾಗಿ 2005ರಲ್ಲಿ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಪ್ರತ್ಯೇಕ ಮಾದರಿಯನ್ನೇ ತರಬೇಕಾಯಿತು. ಲಿಂಕ್‌ಸಿಸ್‌ನ ಹಲವು ಉತ್ಪನ್ನಗಳಲ್ಲಿ ಜಿಪಿಎಲ್ ಪಾಲನೆಯಾಗಿಲ್ಲವೆಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ಡಿಸೆಂಬರ್‌ನಲ್ಲಿ ಸಿಸ್ಕೊ ವಿರುದ್ಧ ಮೊಕದ್ದಮೆ ಹೂಡಿತು. ಮರುವರ್ಷ ರಾಜಿಯಾಯಿತು. ಲೈಸೆನ್ಸ್ ಪಾಲನೆಯ ಉಸ್ತುವಾರಿಗೆ ಒಬ್ಬ ನಿರ್ದೇಶಕರನ್ನು ನೇಮಿಸಲು ಸಿಸ್ಕೊ ಒಪ್ಪಿತು.

ಜರ್ಮನಿಯಲ್ಲಿ ನೆರೆಹೊರೆಯವರು ಸೇರಿ ನಡೆಸುವ ಫ್ರೈಫುಂಕ್ ವೈಫೈ ಜಾಲದ ಫರ್ಮ್‌ವೇರ್ ಇಂದು ನಿಂತಿರುವುದು ಓಪನ್‌ಡಬ್ಲ್ಯುಆರ್‌ಟಿಯ ಮೇಲೆ. ಸಮುದಾಯಗಳೇ ಕಟ್ಟಿಕೊಳ್ಳುವ ಜಾಲಗಳಿಗೆಂದು ರೂಪುಗೊಂಡ ಲಿಬ್ರೆಮೆಶ್ ಫರ್ಮ್‌ವೇರ್‌ಗೂ ಅದೇ ತಳಹದಿ.

ಮನೆಯೊಳಗಿನ ಜಗಳ

ಲೈಸೆನ್ಸ್ ಇದ್ದ ಮಾತ್ರಕ್ಕೆ ಸಮುದಾಯ ತಾನಾಗಿ ಚೆನ್ನಾಗಿ ನಡೆಯುವುದಿಲ್ಲ. 2016ರಲ್ಲಿ ಓಪನ್‌ಡಬ್ಲ್ಯುಆರ್‌ಟಿಯ ಹಲವು ಮುಖ್ಯ ಡೆವಲಪರ್‌ಗಳು ಹೊರನಡೆದು ಲೀಡ್ ಎಂಬ ಹೊಸ ಯೋಜನೆ ಕಟ್ಟಿದರು. ನಿರ್ಧಾರಗಳು ಎಲ್ಲಿ, ಹೇಗೆ ಆಗುತ್ತವೆಂಬುದು ಬಹಿರಂಗವಾಗಿಲ್ಲ, ಹೊಸಬರಿಗೆ ಒಳಬರುವ ದಾರಿಯಿಲ್ಲ ಎಂಬುದು ಅವರ ದೂರು. ಕೋಡಿನ ಪ್ರತಿ ತೆಗೆದುಕೊಂಡು ಬೇರೆ ಮನೆ ಮಾಡಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಲೈಸೆನ್ಸೇ ಆ ಹಕ್ಕು ಕೊಟ್ಟಿತ್ತು. ಬೇರೆಯಾಗಿ ದುಡಿದು ತೋರಿಸಿದ ಮೇಲೆ 2018ರ ಜನವರಿಯಲ್ಲಿ ಎರಡೂ ಒಂದಾದವು. ಹೆಸರು ಹಳೆಯದೇ ಉಳಿಯಿತು, ನಡೆಸುವ ನಿಯಮಗಳು ಲೀಡ್‌ನಿಂದ ಬಂದವು. ಬಿಟ್ಟುಹೋಗುವ ಹಕ್ಕಿದ್ದದ್ದರಿಂದಲೇ ಮರಳಿ ಬರುವಾಗ ಗೌರವದ ರಾಜಿ ಸಾಧ್ಯವಾಯಿತು. ಸಮುದಾಯದ ಬಲವನ್ನು ನಾನು ಅಳೆಯುವುದು ಇಂಥ ಜಗಳಗಳನ್ನು ಅದು ಹೇಗೆ ತೀರಿಸಿಕೊಂಡಿತು ಎಂಬುದರಿಂದ.

2024ರಲ್ಲಿ ಈ ಸಮುದಾಯ ತನ್ನದೇ ರೌಟರ್ ಅನ್ನು ಹೊರತಂದಿತು: ಓಪನ್‌ಡಬ್ಲ್ಯುಆರ್‌ಟಿ ಒನ್. ಮಾರಾಟವಾದ ಪ್ರತಿ ರೌಟರಿನಿಂದ 10 ಡಾಲರ್ ಯೋಜನೆಯ ನಿಧಿಗೆ ಸೇರುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಕೋಡ್ ಕೊಡಿ ಎಂದು ಕೇಳುತ್ತಿದ್ದವರು ಈಗ ಯಂತ್ರವನ್ನೇ ಮಾಡಿಸಿ ಕೊಡುತ್ತಿದ್ದಾರೆ.

ನಮ್ಮ ಪಾಲು

ಪಾಲ್ಗೊಳ್ಳಲು ಪ್ರೋಗ್ರಾಮಿಂಗ್ ಗೊತ್ತಿರಲೇಬೇಕೆಂದಿಲ್ಲ. ದೋಷ ಕಂಡಾಗ ಯಾವ ಆವೃತ್ತಿ, ಏನು ಮಾಡಿದಾಗ ಏನಾಯಿತು ಎಂದು ಸ್ಪಷ್ಟವಾಗಿ ಬರೆದು ತಿಳಿಸುವುದೂ ಕೊಡುಗೆಯೇ. ಕೈಪಿಡಿ ತಿದ್ದುವುದು, ಹೊಸ ಆವೃತ್ತಿಯನ್ನು ಪರೀಕ್ಷಿಸುವುದು, ಅನುವಾದಿಸುವುದು ಎಲ್ಲವೂ ಕೊಡುಗೆಯೇ. ಫೈರ್‌ಫಾಕ್ಸ್, ಗ್ನೋಮ್‌ಗಳ ಮೆನುಗಳಲ್ಲಿ ಕನ್ನಡ ಕಾಣುವುದರ ಹಿಂದೆ ಹೀಗೆ ಬಿಡುವಿನ ವೇಳೆ ದುಡಿದವರಿದ್ದಾರೆ. ಪ್ರತಿ ಹೊಸ ಆವೃತ್ತಿಗೂ ಹೊಸ ಪದಗಳು ಬರುತ್ತವೆ, ಅನುವಾದಿಸುವವರು ಕಡಿಮೆಯಾದರೆ ಅಷ್ಟಷ್ಟೇ ಇಂಗ್ಲಿಷ್ ಮರಳುತ್ತದೆ.

ಸಾರ್ವಜನಿಕ ಹಣ ಖರ್ಚು ಮಾಡುವವರಿಗೂ ಪಾಠವಿದೆ. ಕೇಂದ್ರ ಸರ್ಕಾರ ತನ್ನ ಇಲಾಖೆಗಳಿಗೆ ಮುಕ್ತ ತಂತ್ರಾಂಶ ನೀತಿಯನ್ನು 2015ರಲ್ಲೇ ಪ್ರಕಟಿಸಿದೆ. ಕಾಲೇಜು, ಪಂಚಾಯಿತಿ, ಕಚೇರಿಗಳು ಸಲಕರಣೆ ಕೊಳ್ಳುವಾಗ ಅದರೊಳಗಿನ ತಂತ್ರಾಂಶದ ಲೈಸೆನ್ಸ್ ಯಾವುದು, ಸೋರ್ಸ್ ಕೋಡ್ ಎಲ್ಲಿದೆ ಎಂದು ಬರವಣಿಗೆಯಲ್ಲಿ ಕೇಳಲಿ. 2003ರಲ್ಲಿ ಆ ಪ್ರಶ್ನೆ ಕೇಳಿದ ಕೆಲವರಿಂದಲೇ ಇಷ್ಟೆಲ್ಲ ಆಯಿತು. ಲೈಸೆನ್ಸ್ ಹಕ್ಕನ್ನು ಕೊಟ್ಟಿದೆ, ಅದನ್ನು ಚಲಾಯಿಸಬೇಕಾದವರು ನಾವು.