ಕೌದಿಯ ಸೊಟ್ಟ ತಿದ್ದಿದ ಹಗ್ಗ

ಕಿಕ್ಕೇರಿಗೆ ಹೋದದ್ದು ಬ್ರಹ್ಮೇಶ್ವರನನ್ನು ನೋಡಲು. 1171ರ ಆ ಹೊಯ್ಸಳ ಗುಡಿ ನೋಡಿಕೊಂಡು ಕಬ್ಬಿನ ಗದ್ದೆಗಳ ಕಡೆ ನಡೆದಾಗ ಕಂಡ ಕೌದಿಯೊಂದು ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದ ತಾಯಿ, ಮಗಳು ಖಾಲಿ ಕಣದಲ್ಲಿ ಅದನ್ನು ಹಾಸುತ್ತಿದ್ದರು. ಹಳೇ ಸೀರೆಗಳ ಐದು ಪದರ. ಅಂಚಿನಿಂದ ಸುತ್ತುತ್ತ ನಡುವಿಗೆ ಬಂದು ನಿಂತ ಹೊಲಿಗೆ. ದಾರದ ಬಿಗಿ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಹಾಗಾಗಿ ಎದುರುಬದುರಿನ ಎರಡು ಮೂಲೆ ಹೊರಕ್ಕೆ ಚಾಚಿ, ಕೌದಿ ಓರೆಯಾಗಿತ್ತು.

‘ಅಂಚು ಕತ್ತರಿಸಿದರೆ ಆಗದೇ?’ ಅಂದೆ.

‘ಕತ್ರಿ ಹಾಕಿದ್ರ ಹೊಲಿಗಿ ಬಿಚ್ಚತೈತ್ರೀ. ನೀರ ಕುಡಿಸಬೇಕು’ ಅಂದರು ತಾಯಿ.

ಕೊಡದ ನೀರು ಚಿಮುಕಿಸಿ, ಕೌದಿ ಪೂರಾ ನೆನೆದ ಮೇಲೆ ಒಂದು ಹಗ್ಗ ತಂದರು. ಮೂಲೆಯಿಂದ ಎದುರು ಮೂಲೆಗೆ ಹಿಡಿದು ಗಂಟು ಹಾಕಿದರು. ಅದೇ ಹಗ್ಗವನ್ನು ಇನ್ನೆರಡು ಮೂಲೆಗೆ ಹಿಡಿದರೆ ಗಂಟು ಒಂದು ಗೇಣು ಆಚೆ ಹೋಯಿತು. ಎದುರುಬದುರಿನ ಅಂಚುಗಳು ಸಮವಿದ್ದು, ಕರ್ಣಗಳೂ ಸಮವಾದರೆ ಮೂಲೆ ನೇರ. ಪಾಯ ಹಾಕುವ ಗಾರೆಯವರೂ ಹೀಗೇ ನೋಡುತ್ತಾರೆ. ನನಗೆ ಬೆರಗಾದದ್ದು ಮುಂದಿನದು: ಗಿಡ್ಡ ಕರ್ಣದ ಎರಡು ತುದಿ ಹಿಡಿದು ಇಬ್ಬರೂ ಮೆಲ್ಲಗೆ ಎಳೆದರು. ಅದು ಉದ್ದವಾದಂತೆ ಉದ್ದದ್ದು ತಾನಾಗಿ ಗಿಡ್ಡವಾಯಿತು! ಬಟ್ಟೆ ಹಾಸು, ಹೊಕ್ಕಿನ ನೇರಕ್ಕೆ ಜಗ್ಗುವುದು ಕಮ್ಮಿ, ಓರೆಗೆ ಜಗ್ಗುವುದು ಹೆಚ್ಚು. ಎಳೆಗಳ ನಡುವಿನ ಕೋನ ತಿರುಗುತ್ತದೆ. ನೆನೆದ ಹತ್ತಿ ಈ ತಿರುವಿಗೆ ಒಪ್ಪಿ, ಒಣಗಿದ ಮೇಲೆ ಹಾಗೇ ನಿಲ್ಲುತ್ತದೆ. ನಾಲ್ಕು ಮೂಲೆಗೆ ಕಲ್ಲು, ಅಂಚಿಗೆ ಮಾರಿಗೊಂದು ಕಲ್ಲು ಹೇರಿ ಬಿಸಿಲಿಗೆ ಬಿಟ್ಟರು.

ಕೌದಿಯ ಕೀರ್ತಿ ದೂರ ಹೋಗಿದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವರು ಮೂಲೆಗೆ ‘ಫುಲ’ ಎಂಬ ಮಡಿಕೆಯ ತ್ರಿಕೋನ ಹೊಲಿಯುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಬಣ್ಣದ ತುಂಡುಗಳನ್ನು ಎಲ್ಲರೂ ಹೊಗಳುತ್ತಾರೆ. ನಾನಂತೂ ಮೂಲೆಗೆ ಮನಸೋತವನು.

ಪಾಲಿಯೆಸ್ಟರ್ ಸೀರೆಗೆ ಈ ನೆನೆಸಿ ಎಳೆಯುವ ಉಪಾಯ ನಡೆಯದು. ಅದು ನೀರನ್ನೇ ಹೀರದು. ‘ಅದಕ್ಕ ಹತ್ತಿ ಸೀರಿ ಎತ್ತಿಟ್ಟಿರತೀನ್ರೀ’ ಅಂದರು ತಾಯಿ.

ಸಂಜೆ ಮತ್ತೆ ಹೋದೆ. ಮಗಳು ಹಗ್ಗದ ಗಂಟು ಬಿಚ್ಚಿ ಹೊಸದು ಹಾಕಿದಳು, ಎರಡೂ ಕಡೆ ಹಿಡಿದಳು. ಗಂಟು ಎರಡು ಸಲವೂ ಮೂಲೆಗೇ ತಾಗಿತು. ತಾಯಿ ಒಂದೊಂದೇ ಕಲ್ಲು ತೆಗೆಯತೊಡಗಿದರು.