ಡಿ.ಎನ್.ಎ. ಲಿಪಿಯನ್ನು ಓದುವ ಬಗೆ

ಜೀವಿಗಳ ಆನುವಂಶಿಕ ಗುಣಗಳು ಡಿ.ಎನ್.ಎ. ಎಂಬ ಎಳೆಯಲ್ಲಿ ಅಡಕವಾಗಿವೆ ಎಂಬುದು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿದ ವಿಷಯ. ಅಡಿನೀನ್, ಗ್ವಾನೀನ್, ಸೈಟೊಸೀನ್, ಥೈಮೀನ್ ಎಂಬ ನಾಲ್ಕು ಪ್ರತ್ಯಾಮ್ಲಗಳೇ ಈ ಲಿಪಿಯ ಅಕ್ಷರಗಳು. ಅವುಗಳನ್ನು ಎ, ಜಿ, ಸಿ, ಟಿ ಎಂದು ಸಂಕ್ಷೇಪಿಸುವುದು ರೂಢಿ. ಇವುಗಳಲ್ಲಿ ಒಂದು ಅಕ್ಷರ ಪಲ್ಲಟವಾದರೂ ಪರಿಣಾಮ ಘೋರವಾಗಬಹುದು. ಹೀಮೊಗ್ಲೋಬಿನ್ನಿನ ಒಂದು ಜೀನಿನಲ್ಲಿ 'ಎ' ಇರಬೇಕಾದ ಒಂದೆಡೆ 'ಟಿ' ಬಂದುದೇ ಸಿಕಲ್ ಸೆಲ್ ರಕ್ತಹೀನತೆಗೆ ಮೂಲ. ಅಂತಹ ಜೀನು ತಂದೆತಾಯಿಗಳಿಬ್ಬರಿಂದಲೂ ಬಂದ ಮಗುವಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಆದುದರಿಂದ ಈ ಲಿಪಿಯನ್ನು ತಪ್ಪಿಲ್ಲದೆ ಓದುವುದು ಅತ್ಯವಶ್ಯ. ಆದರೆ ಎರಡು ಅಕ್ಷರಗಳ ನಡುವಣ ಅಂತರ ಒಂದು ಮಿಲಿಮೀಟರಿನ ಸುಮಾರು 30 ಲಕ್ಷದಲ್ಲಿ ಒಂದು ಭಾಗ ಮಾತ್ರ. ಕಣ್ಣಿಗೆ ಕಾಣದ ಇಂತಹ ಬರಹವನ್ನು ಓದುವುದೆಂತು?

ಈ ಪ್ರಶ್ನೆಗೆ ಸರಳವಾದ ಉತ್ತರವನ್ನು ಕಂಡುಕೊಂಡವರಲ್ಲಿ ಪ್ರಮುಖರು ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್. ಇನ್‌ಸುಲಿನ್ನಿನ ರಚನೆಯನ್ನು ಬಿಡಿಸಿದುದಕ್ಕಾಗಿ 1958ರಲ್ಲಿಯೇ ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಅವರು, ಕೇಂಬ್ರಿಜ್ಜಿನಲ್ಲಿ ನಿಕ್ಲೆನ್ ಮತ್ತು ಕೌಲ್ಸನ್ ಎಂಬ ಸಹೋದ್ಯೋಗಿಗಳೊಡನೆ 1977ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಇದರ ತತ್ತ್ವ ಹೀಗಿದೆ. ಡಿ.ಎನ್.ಎ.ಯ ಒಂದು ಎಳೆಯನ್ನು ಮಾದರಿಯಾಗಿಟ್ಟರೆ, ಪಾಲಿಮರೇಸ್ ಎಂಬ ಕಿಣ್ವವು ಅದಕ್ಕೆ ಹೊಂದುವ ಹೊಸ ಎಳೆಯನ್ನು ಹೆಣೆಯುತ್ತದೆ. 'ಎ'ಗೆ ಎದುರಾಗಿ 'ಟಿ', 'ಜಿ'ಗೆ ಎದುರಾಗಿ 'ಸಿ' ಎಂಬುದು ಅದರ ನಿಯಮ. ಪ್ರತಿಯೊಂದು ಘಟಕದ ಸಕ್ಕರೆಯಲ್ಲಿಯೂ ಮುಂದಿನ ಘಟಕವನ್ನು ಹಿಡಿಯುವ ಹೈಡ್ರಾಕ್ಸಿಲ್ ಗುಂಪೊಂದಿರುತ್ತದೆ. ಅದೇ ಸರಪಳಿಯ ಕೊಂಡಿ. ಈ ಗುಂಪಿನ ಸ್ಥಾನದಲ್ಲಿ ಕೇವಲ ಜಲಜನಕವಿರುವ ಘಟಕಕ್ಕೆ ಡೈಡಿಆಕ್ಸಿ ನ್ಯೂಕ್ಲಿಯೋಟೈಡ್ ಎಂದು ಹೆಸರು. ಅದು ಸರಪಳಿಯನ್ನು ಸೇರಬಲ್ಲುದು. ಆದರೆ ಮುಂದಿನದನ್ನು ಹಿಡಿಯಲಾರದು. ಅದು ಸೇರಿದೊಡನೆ ಬೆಳವಣಿಗೆ ನಿಲ್ಲುತ್ತದೆ. ಎಲ್ಲಿ ನಿಂತಿತೆಂಬುದೇ ಅಲ್ಲಿರುವ ಅಕ್ಷರ ಯಾವುದೆಂಬುದನ್ನು ತಿಳಿಸುತ್ತದೆ.

ಪ್ರಯೋಗದಲ್ಲಿ ನಾಲ್ಕು ನಳಿಕೆಗಳಿರುತ್ತವೆ. ಮಾದರಿ ಎಳೆ, ಹೆಣಿಗೆಯನ್ನು ಆರಂಭಿಸುವ ಪ್ರೈಮರ್ ಎಂಬ ಚಿಕ್ಕ ತುಣುಕು, ಕಿಣ್ವ ಮತ್ತು ನಾಲ್ಕು ಬಗೆಯ ಸಾಮಾನ್ಯ ಘಟಕಗಳು ಎಲ್ಲದರಲ್ಲಿಯೂ ಸಮಾನ. ಮೊದಲಿನ ಪ್ರಯೋಗಗಳಲ್ಲಿ ಗುರುತಿಗಾಗಿ ವಿಕಿರಣಶೀಲ ರಂಜಕವನ್ನೂ ಬಳಸುತ್ತಿದ್ದರು. ಒಂದೊಂದು ನಳಿಕೆಗೆ ಒಂದೊಂದು ಅಕ್ಷರದ ತಡೆಘಟಕವನ್ನು ಸ್ವಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಈ ಪ್ರಮಾಣದಲ್ಲಿಯೇ ಕೌಶಲವಿದೆ. ಹೆಚ್ಚಾದರೆ ಎಳೆಗಳೆಲ್ಲ ಆರಂಭದಲ್ಲಿಯೇ ನಿಲ್ಲುತ್ತವೆ. ತೀರ ಕಡಿಮೆಯಾದರೆ ನಿಲ್ಲುವ ಎಳೆಗಳೇ ವಿರಳವಾಗುತ್ತವೆ. ಹದವರಿತು ಬೆರೆಸಿದಾಗ, ಆ ಅಕ್ಷರ ಬರುವ ಒಂದೊಂದು ಸ್ಥಾನದಲ್ಲಿಯೂ ಕೆಲವು ಎಳೆಗಳು ನಿಂತಿರುತ್ತವೆ.

ಅನಂತರ ಎಳೆಗಳನ್ನು ಕಾಯಿಸಿ, ಮಾದರಿಯಿಂದ ಬೇರ್ಪಡಿಸಿ, ಯೂರಿಯಾ ಬೆರೆಸಿದ ತೆಳುವಾದ ಜೆಲ್ ಹಾಳೆಯ ಮೇಲ್ತುದಿಯಲ್ಲಿ ನಾಲ್ಕು ಸಾಲುಗಳಿಗೆ ಹಾಕಿ ವಿದ್ಯುತ್ತನ್ನು ಹರಿಸುತ್ತಾರೆ. ಋಣ ವಿದ್ಯುದಂಶವುಳ್ಳ ಎಳೆಗಳು ಕೆಳಗಿನ ಧನಧ್ರುವದತ್ತ ಚಲಿಸುತ್ತವೆ. ಚಿಕ್ಕವು ಬೇಗನೆ ಕೆಳಗಿಳಿಯುತ್ತವೆ, ಉದ್ದನೆಯವು ಹಿಂದುಳಿಯುತ್ತವೆ; ಒಂದೇ ಅಕ್ಷರದ ವ್ಯತ್ಯಾಸವೂ ಇಲ್ಲಿ ಸ್ಪಷ್ಟವಾಗುತ್ತದೆ. ಬಳಿಕ ಕ್ಷ-ಕಿರಣದ ಫಿಲ್ಮನ್ನು ಜೆಲ್ಲಿಗೆ ತಾಗಿಸಿಟ್ಟರೆ ಕಪ್ಪು ಗೆರೆಗಳು ಮೂಡುತ್ತವೆ. ತೀರ ಕೆಳಗಿನ ಗೆರೆ 'ಜಿ' ಸಾಲಿನಲ್ಲಿ, ಅದರ ಮೇಲಿನದು 'ಎ'ಯಲ್ಲಿ, ಮುಂದಿನವು ಕ್ರಮವಾಗಿ 'ಟಿ', 'ಸಿ', 'ಎ' ಸಾಲುಗಳಲ್ಲಿ ಇದ್ದರೆ, ಹೊಸ ಎಳೆಯ ಪಾಠ ಜಿ-ಎ-ಟಿ-ಸಿ-ಎ. ಅದಕ್ಕೆದುರಾಗಿರುವ ಮಾದರಿಯ ಅಕ್ಷರಗಳು ಸಿ-ಟಿ-ಎ-ಜಿ-ಟಿ.

ಸ್ಯಾಂಗರರ ತಂಡವು ಈ ವಿಧಾನದಿಂದ 1981ರಲ್ಲಿ ಮಾನವನ ಮೈಟೊಕಾಂಡ್ರಿಯದ 16,569 ಅಕ್ಷರಗಳನ್ನು ಓದಿ ಪ್ರಕಟಿಸಿತು. ಅದಕ್ಕೆ ಮೊದಲೇ, 1980ರಲ್ಲಿ, ಸ್ಯಾಂಗರರು ಎರಡನೆಯ ಬಾರಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾಗಿದ್ದರು. 1986ರಲ್ಲಿ ಅಮೆರಿಕದ ವಿಜ್ಞಾನಿಗಳು ವಿಕಿರಣಕ್ಕೆ ಬದಲಾಗಿ ನಾಲ್ಕು ಬಣ್ಣಗಳ ಪ್ರತಿದೀಪ್ತ ದ್ರವ್ಯಗಳನ್ನು ಬಳಸಿ ಯಂತ್ರದಿಂದಲೇ ಓದುವ ಮಾರ್ಗವನ್ನು ತೋರಿದರು. 2003ರಲ್ಲಿ ಮುಕ್ತಾಯವಾಯಿತೆಂದು ಘೋಷಿತವಾದ ಮಾನವ ಜೀನೋಮ್ ಯೋಜನೆಯು ಮುಖ್ಯವಾಗಿ ಈ ವಿಧಾನವನ್ನೇ ಅವಲಂಬಿಸಿತ್ತು. ಇದಕ್ಕಿಂತ ಅತಿ ಶೀಘ್ರವಾದ ವಿಧಾನಗಳು ಈಗ ಬಂದಿವೆಯಾದರೂ, ಒಂದು ಜೀನಿನ ದೋಷವನ್ನು ದೃಢಪಡಿಸಿಕೊಳ್ಳಲು ಪ್ರಯೋಗಾಲಯಗಳು ಇಂದಿಗೂ ಇದನ್ನು ಆಶ್ರಯಿಸುತ್ತವೆ.

ದುಬಾರಿ ಉಪಕರಣಗಳಿಲ್ಲದ ಶಾಲೆಯಲ್ಲಿಯೂ ಈ ತತ್ತ್ವವನ್ನು ಬೋಧಿಸಬಹುದು. ಬೇರೆ ಬೇರೆ ಉದ್ದದ ಕಾಗದದ ಪಟ್ಟಿಗಳ ತುದಿಯಲ್ಲಿ ಒಂದೊಂದು ಅಕ್ಷರವನ್ನು ಬರೆದು ಕಲಸಿಟ್ಟು, ಅವುಗಳನ್ನು ಉದ್ದದ ಕ್ರಮದಲ್ಲಿ ಜೋಡಿಸಲು ವಿದ್ಯಾರ್ಥಿಗಳಿಗೆ ಹೇಳಬೇಕು. ತುದಿಯ ಅಕ್ಷರಗಳು ತಾವಾಗಿಯೇ ಪಾಠವಾಗಿ ಹೊಮ್ಮುವುದನ್ನು ಅವರು ಕಾಣುವರು. ಕೇಂಬ್ರಿಜ್ಜಿನಲ್ಲಿ ನಡೆದುದರ ತಿರುಳು ಅವರಿಗೆ ಮನದಟ್ಟಾಗುವುದು.